ಸಂತೆಗೆ ಹೋದ ಅವ್ವ



ಕಳೆದ ತಿಂಗಳು ನನ್ನ ತಂಗಿಯ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ತಂಗಿಯ ಮಗ, "ಮಾವ, ನಿಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜಿಯ ದೊಡ್ಡ ಚಿತ್ರವೊಂದಿತ್ತಲ್ಲ, ಅದರ ಫೋಟೋ ತೆಗೆದು ಕಳಿಸಿ. ಮಗುವಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದೇವೆ. ಮುಂದೆ ಕೇಳಿದರೆ ತೋರಿಸಬೇಕು" ಎಂದ. ಎದುರು ಪಂಕ್ತಿಯಲ್ಲಿದ್ದ ತಂಗಿ ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ಮತ್ತೆ ಎಲೆಯತ್ತ ಬಾಗಿದಳು. ನಾನು "ನೋಡೋಣ" ಎಂದು ಹೇಳಿ ಮಾತು ಮರೆಸಿದೆ.

ಆ ಚಿತ್ರ ನನ್ನ ಬಳಿ ಇಲ್ಲ. 2011ರ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯಲ್ಲಿ ಅದನ್ನು ನಾನು ಮಾರಿದೆ. ಈ ಸಂಗತಿ ನನ್ನ ಹೆಂಡತಿಯನ್ನು ಬಿಟ್ಟರೆ ತಂಗಿಯೊಬ್ಬಳಿಗೆ ಮಾತ್ರ ಗೊತ್ತು. ಅವಳು ಇಷ್ಟು ವರ್ಷ ತನ್ನ ಮಗನಿಗೂ ಹೇಳದೆ ನನ್ನ ಮಾನ ಕಾಪಾಡಿದ್ದಾಳೆ. ಹೇಳಬೇಕಾದವನು ನಾನು. ಅಲ್ಲದೆ, ಚಿತ್ರಕಲೆಯನ್ನು ಮುಂದುವರಿಸಿರುವ ನನ್ನ ಕೆಲವು ಹಳೆಯ ವಿದ್ಯಾರ್ಥಿಗಳು "ಸಂತೆಯಲ್ಲಿ ಭಾವಚಿತ್ರಗಳನ್ನು ಮಾರಲು ಸಾಧ್ಯವೇ ಸರ್?" ಎಂದು ಆಗಾಗ ಕೇಳುತ್ತಿರುತ್ತಾರೆ. ಎರಡೂ ಪ್ರಶ್ನೆಗಳಿಗೆ ಇರುವ ಉತ್ತರ ಒಂದೇ ಕಥೆಯಲ್ಲಿದೆಯಾದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೂರದ ದೇಶಗಳಲ್ಲಿರುವವರಿಗಾಗಿ ಚಿತ್ರಸಂತೆಯ ಬಗ್ಗೆ ಎರಡು ಮಾತು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಇದನ್ನು ಆರಂಭಿಸಿತು. ಸಾಮಾನ್ಯವಾಗಿ ಜನವರಿ ತಿಂಗಳ ಒಂದು ಭಾನುವಾರ ಪರಿಷತ್ತಿನ ಎದುರಿನ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಿ, ರಸ್ತೆಯ ಎರಡೂ ಬದಿಯಲ್ಲಿ ಕಲಾವಿದರಿಗೆ ಜಾಗ ಕೊಡುತ್ತಾರೆ. ಗ್ಯಾಲರಿಯ ಮೆಟ್ಟಿಲು ಹತ್ತಲು ಅಂಜುವವರೂ ಅಲ್ಲಿ ಸಂಸಾರ ಸಮೇತ ಬಂದು, ಕಡಲೆಕಾಯಿ ಮೆಲ್ಲುತ್ತ ಚಿತ್ರ ನೋಡುತ್ತಾರೆ. ಕೊಳ್ಳುವವರಿಗೂ ಬರೆದವರಿಗೂ ನಡುವೆ ದಲ್ಲಾಳಿಯಿಲ್ಲ. ಮಹಾಮಾರಿಯ ಕಾರಣ 2021ರಲ್ಲಿ ಮಾತ್ರ ಸಂತೆ ರಸ್ತೆಯನ್ನು ಬಿಟ್ಟು ಅಂತರಜಾಲದಲ್ಲಿ ನಡೆಯಿತು.

ನಾನು ನಿವೃತ್ತನಾದದ್ದು 2007ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಹೂದಾನಿ, ಬಾಳೆಗಿಡ, ಸೂರ್ಯೋದಯಗಳನ್ನು ಹೇಳಿಕೊಟ್ಟರೂ ನನ್ನ ಸ್ವಂತದ ಒಲವು ಮನುಷ್ಯರ ಮುಖಗಳ ಕಡೆಗೇ ಇತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ವಿದ್ಯಾರ್ಥಿಯೊಬ್ಬ 2009ರ ಸಂತೆಗೆ ತಾನೇ ಅರ್ಜಿ ತುಂಬಿ, "ಸರ್, ನೀವು ಬರಲೇಬೇಕು" ಎಂದು ಹಟ ಹಿಡಿದ. ಕುವೆಂಪು, ಬೇಂದ್ರೆ, ವಿಶ್ವೇಶ್ವರಯ್ಯ, ಗಾಂಧೀಜಿ, ರಾಜ್‌ಕುಮಾರ್, ಜೊತೆಗೆ ನಮ್ಮೂರಿನ ಕುರಿಗಾಹಿ, ಕುಂಬಾರ, ಶಾಲೆಯ ಜವಾನ, ಹೀಗೆ ಹದಿನೆಂಟು ಭಾವಚಿತ್ರಗಳಿಗೆ ಕಟ್ಟು ಹಾಕಿಸಿ, ಹಳೆಯ ಸೀರೆಗಳಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಚಿತ್ರದುರ್ಗದ ಕಡೆಯಿಂದ ಹೊರಟೆ.

ಅಂದು ಬೆಳಗಿನಿಂದ ಸಂಜೆಯವರೆಗೆ ನನ್ನ ಮಳಿಗೆಯ ಮುಂದೆ ಸಾವಿರಾರು ಜನ ಹಾದುಹೋದರು. "ಥೇಟ್ ಅಣ್ಣಾವ್ರೇ!" ಎಂದರು, ಮಕ್ಕಳನ್ನು ಎತ್ತಿ ತೋರಿಸಿದರು, ಕೈಕುಲುಕಿದರು. ಕೊಳ್ಳಲಿಲ್ಲ. ಪಕ್ಕದ ಮಳಿಗೆಯ ತರುಣ ಬುದ್ಧನ ಚಿತ್ರಗಳನ್ನೂ ಓಡುವ ಕುದುರೆಗಳನ್ನೂ ತಂದಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಗೋಡೆ ಖಾಲಿಯಾಯಿತು. ನನಗೆ ಬೋಣಿಯಾದದ್ದು ಸಂಜೆ ನಾಲ್ಕರ ಮೇಲೆ. ಶಾಲಾ ಶಿಕ್ಷಕಿಯೊಬ್ಬರು ತಮ್ಮ ಶಾಲೆಗೆಂದು ಕುವೆಂಪು ಅವರ ಪೆನ್ಸಿಲ್ ಚಿತ್ರವನ್ನು 500 ರೂಪಾಯಿಗೆ ಕೊಂಡರು. ಉಳಿದ ಹದಿನೇಳು ಮುಖಗಳೊಂದಿಗೆ ನಾನು ಊರಿಗೆ ಮರಳಿದೆ.

ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಕಾರಣವನ್ನು ಯೋಚಿಸುತ್ತ ಕುಳಿತೆ. ಬೆಟ್ಟ, ಹೊಳೆ, ಗಣಪತಿ, ಬುದ್ಧ ಇವು ಯಾರ ಮನೆಗಾದರೂ ಸಲ್ಲುತ್ತವೆ. ಆದರೆ ಪರಿಚಯವಿಲ್ಲದ ಮನುಷ್ಯನೊಬ್ಬನ ಮುಖವನ್ನು ತಂದು ಯಾರು ತಾನೇ ತಮ್ಮ ಗೋಡೆಗೆ ತೂಗುಹಾಕುತ್ತಾರೆ? ರಾಜಾ ರವಿವರ್ಮರ ಉದಾಹರಣೆಯನ್ನೇ ನೋಡಿ. ಅರಮನೆಗಳಿಗೆ ಭಾವಚಿತ್ರಗಳನ್ನು ರಚಿಸಿ ಹೆಸರು ಗಳಿಸಿದ ಅವರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದಾಗ ಮನೆಮನೆಗೆ ಹೋದವರು ಲಕ್ಷ್ಮಿ, ಸರಸ್ವತಿಯರು. ದೇವರಿಗೆ ಊರೆಲ್ಲ ಗಿರಾಕಿ. ಮನುಷ್ಯನ ಮುಖಕ್ಕೆ ಅವನ ಮನೆಯವರಷ್ಟೇ ಗಿರಾಕಿ.

ಎಂಭತ್ತರ ದಶಕದಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಮುಂಬಯಿಗೆ ಹೋಗಿದ್ದಾಗ ಜಹಾಂಗೀರ್ ಕಲಾ ಗ್ಯಾಲರಿಯ ಹೊರಗಿನ ಕಾಲುದಾರಿಯಲ್ಲಿ ಕಂಡ ದೃಶ್ಯ ಆಗ ನೆನಪಾಯಿತು. ಒಬ್ಬಾತ ಸಣ್ಣ ಸ್ಟೂಲಿನ ಮೇಲೆ ಕುಳಿತು ಎದುರಿಗಿದ್ದವನ ಮುಖವನ್ನು ಬರೆಯುತ್ತಿದ್ದ. ಅವನ ಹಿಂದೆ ಹತ್ತಿಪ್ಪತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಅವನು ಗಿರಾಕಿಗೆ ಅವನದೇ ಮುಖವನ್ನು ಮಾರುತ್ತಿದ್ದ. ಪಕ್ಕದಲ್ಲಿ ತೂಗುಹಾಕಿದ್ದ ನಟನಟಿಯರ ಚಿತ್ರಗಳು ಮಾರುವ ಸರಕಲ್ಲ, ಕೈಚಳಕಕ್ಕೆ ಸಾಕ್ಷಿ ಮಾತ್ರ ಎಂಬುದು ನನಗೆ ಹೊಳೆದದ್ದು ಇಪ್ಪತ್ತು ವರ್ಷಗಳಾದ ಮೇಲೆ, ಈ ಬಸ್ಸಿನಲ್ಲಿ.

ಅದಕ್ಕಿಂತ ಹತ್ತಿರದ ಪಾಠವೊಂದಿತ್ತು. ನನ್ನ ಬಂಧುಗಳಿಗೆ ಗೊತ್ತಿರುವಂತೆ, ನಮ್ಮ ಅವ್ವ ಹೋಬಳಿಯ ವಾರದ ಸಂತೆಯಲ್ಲಿ ಒಣಮೆಣಸಿನಕಾಯಿ, ಹುಣಸೆಹಣ್ಣು ಮಾರಿ ನಮ್ಮಿಬ್ಬರನ್ನು ಸಾಕಿದವಳು. ಅವಳು ಸಂತೆಯಲ್ಲಿ ಎಂದೂ ಕೂಗಿ ಕರೆದವಳಲ್ಲ. ಗೋಣಿತಾಟಿನ ಮೇಲೆ ಕುಳಿತು, ಗಿರಾಕಿ ಇರಲಿ ಇಲ್ಲದಿರಲಿ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ಇರುತ್ತಿದ್ದಳು. "ಕೈ ಆಡ್ತಿರೋ ಕಡೆ ಜನ ನಿಲ್ತಾರೆ ಕಣೋ" ಎನ್ನುತ್ತಿದ್ದಳು. ಪಕ್ಕದವಳ ಸರಕನ್ನು ಹಳಿಯಬಾರದು, ತೂಕದ ಮೇಲೆ ಒಂದು ಹಿಡಿ ಕೊಸರು ಹಾಕಬೇಕು, ಹೇಳಿದ ಬೆಲೆಗೆ ಗಿರಾಕಿ ಒಪ್ಪಿದ ಮೇಲೆ ಮಾತು ತಿರುಗಿಸಬಾರದು. ಇವು ಅವಳ ಸಂತೆಯ ಧರ್ಮ.

2010ರಲ್ಲಿ ನಾನು ಅವ್ವನ ಶಿಷ್ಯನಾಗಿ ಹೋದೆ. ಮುಂದೆ ಎರಡು ಸ್ಟೂಲು, ಹಿಂದೆ ಸಾಕ್ಷಿಗೆಂದು ಐದಾರು ಪ್ರಸಿದ್ಧ ಮುಖಗಳು. ಎಲ್ಲರಿಗೂ ಗೊತ್ತಿರುವ ಮುಖವಿದ್ದರೆ ನೋಡುವವರು ತಾವೇ ಹೋಲಿಸಿ ನಿಶ್ಚಯಿಸಿಕೊಳ್ಳುತ್ತಾರೆ. ನಾವು ಬಾಯಿ ಬಿಡಬೇಕಾಗಿಲ್ಲ. ‘ಇಪ್ಪತ್ತು ನಿಮಿಷ, 200 ರೂಪಾಯಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು ನಿಲ್ಲಿಸಿದೆ. ಬೆಲೆ ಕೇಳಲು ಸಂಕೋಚಪಡುವವರೇ ನಮ್ಮಲ್ಲಿ ಹೆಚ್ಚು. ಬೆಲೆ ಕಾಣದಿದ್ದರೆ ಅವರು ಹಾಗೆಯೇ ಮುಂದೆ ಸಾಗುತ್ತಾರೆ. ಮೊದಲು ಯಾರೂ ಕುಳಿತುಕೊಳ್ಳುವುದಿಲ್ಲವೆಂದು ಗೊತ್ತಿತ್ತು. ಆದ್ದರಿಂದ ನೆರವಿಗೆ ಬಂದಿದ್ದ ಅದೇ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿ ಬರೆಯತೊಡಗಿದೆ. ಕಣ್ಣುಗಳು ಮುಗಿಯುವಷ್ಟರಲ್ಲಿ ಬೆನ್ನ ಹಿಂದೆ ಗುಂಪು ಸೇರಿತ್ತು.

ಬಯಲಿನಲ್ಲಿ ಬರೆಯುವುದು ಮನೆಯಲ್ಲಿ ಬರೆದಂತಲ್ಲ. ಬೆಳಿಗ್ಗೆ ಒಂದು ಕೆನ್ನೆಯ ಮೇಲಿದ್ದ ಬೆಳಕು ಹನ್ನೊಂದರ ಹೊತ್ತಿಗೆ ನೆತ್ತಿಗೆ ಬಂದು ಕಣ್ಣುಗಳಡಿ ನೆರಳು ಕವಿಯುತ್ತದೆ. ಮರದ ಎಲೆಗಳ ನಡುವಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಕುಣಿಯುತ್ತವೆ. ಇದಕ್ಕೆ ದೊಡ್ಡ ಕಪ್ಪು ಕೊಡೆಯೊಂದೇ ಮದ್ದು. ಗಾಳಿಗೆ ಕಾಗದ ಹಾರದಂತೆ ನಾಲ್ಕು ಮೂಲೆಗೂ ಕ್ಲಿಪ್ಪು ಬೇಕು. ಇದ್ದಿಲಿನ ಚಿತ್ರ ಅಳಿಸಿಹೋಗದಂತೆ ಮೇಲೆ ಬೆಣ್ಣೆಕಾಗದ ಹೊದಿಸಬೇಕು. ಇನ್ನು ಹಿಂದೆ ನಿಂತವರ ವಿಮರ್ಶೆ ಬೇರೆ: "ಮೂಗು ಸ್ವಲ್ಪ ದಪ್ಪ ಆಯ್ತು ನೋಡ್ರೀ." ಎದುರಿಗೆ ಕುಳಿತವನ ಕೈ ಆಗ ತಾನಾಗಿಯೇ ಮೂಗಿನ ಮೇಲೆ ಹೋಗುತ್ತದೆ! ಆದರೂ ‘ಸಂತೆಗೆ ಮೂರು ಮೊಳ ನೇಯ್ದ ಹಾಗೆ’ ಎಂಬ ಗಾದೆ ನನಗೆ ಅನ್ವಯಿಸದಿರಲಿ ಎಂದು ಪ್ರತಿಯೊಂದು ಮುಖವನ್ನೂ ಅದೇ ಮೊದಲನೆಯದೆಂಬಂತೆ ನೋಡಿ ಬರೆದೆ.

ಕೊಸರಿನ ವಿಷಯದಲ್ಲಿಯೂ ಅವ್ವನನ್ನು ಮರೆಯಲಿಲ್ಲ. ಚಿತ್ರ ಮುಗಿದ ಮೇಲೆ ಅವರ ಹೆಸರನ್ನು ಕೇಳಿ, ಕೆಳಗೆ ನನ್ನ ಕಪ್ಪುಹಲಗೆಯ ದುಂಡಕ್ಷರದಲ್ಲಿ ಹೆಸರನ್ನೂ ದಿನಾಂಕವನ್ನೂ ಬರೆದುಕೊಡುತ್ತಿದ್ದೆ. ಚಿತ್ರಕ್ಕಿಂತ ಆ ಹೆಸರಿಗೇ ಅವರ ಮುಖ ಅರಳುತ್ತಿತ್ತು. "ಇದು ನನ್ನ ಹಾಗಿಲ್ಲ" ಎಂದು ಅನುಮಾನಿಸುತ್ತಿದ್ದವರು ಕೂಡ ಹೆಸರು ಬಿದ್ದೊಡನೆ ಸುಮ್ಮನಾಗುತ್ತಿದ್ದರು. ಅಂದು ಇಪ್ಪತ್ತಮೂರು ಮುಖಗಳನ್ನು ಬರೆದೆ. 4,600 ರೂಪಾಯಿ ಬಂತು.

ನಿಜವಾದ ವ್ಯಾಪಾರ ಸಂತೆ ಮುಗಿದ ಮೇಲೆ ಆರಂಭವಾಯಿತು. ವಿಳಾಸ, ದೂರವಾಣಿ ಸಂಖ್ಯೆಗಳಿದ್ದ ಚೀಟಿಗಳನ್ನು ಅಚ್ಚು ಹಾಕಿಸಿ ಹಂಚಿದ್ದೆ. ತಿಂಗಳೊಳಗೆ ಅಂಚೆಯಲ್ಲಿ ಹಳೆಯ ಫೋಟೋಗಳು ಬರತೊಡಗಿದವು. ಅಂಚೆಚೀಟಿಯಷ್ಟು ಅಗಲದ, ಮೊಹರು ಬಿದ್ದ ಗುರುತಿನ ಚೀಟಿಯ ಫೋಟೋ. ಗುಂಪಿನ ಫೋಟೋದ ಮೂಲೆಯಲ್ಲಿ ಅರ್ಧ ಮರೆಯಾದ ಮುಖ. "ನಮ್ಮ ತಂದೆ ತಾಯಿ ಜೊತೆಯಾಗಿ ಫೋಟೋ ತೆಗೆಸಿಕೊಳ್ಳಲೇ ಇಲ್ಲ, ನೀವು ಅಕ್ಕಪಕ್ಕ ಕೂರಿಸಿ ಬರೆದುಕೊಡಿ" ಎಂದು ಒಬ್ಬರು ಕೇಳಿದರು. "ಅಮ್ಮನ ಕಿವಿಯಲ್ಲಿ ಓಲೆ ಇರಲಿಲ್ಲ, ಇರುವ ಹಾಗೆ ಬರೆಯಿರಿ" ಎಂದರು ಇನ್ನೊಬ್ಬರು. ಹೀಗೆ ತೀರಿಕೊಂಡವರನ್ನು ಬರೆಯುತ್ತ ನಿವೃತ್ತಿಯ ದಿನಗಳು ಸಾರ್ಥಕವಾಗಿ ಕಳೆಯುತ್ತಿದ್ದವು. ಅಲ್ಲಿಗೇ ನಿಲ್ಲಿಸಬಹುದಾಗಿತ್ತು.

2011ರ ಸಂತೆಗೆ ಹೊರಡುವ ಮುನ್ನ, "ಜನರನ್ನು ದೂರದಿಂದಲೇ ತಡೆದು ನಿಲ್ಲಿಸಲು ನಡುವೆ ಒಂದು ದೊಡ್ಡ ತೈಲವರ್ಣ ಚಿತ್ರ ಇರಬೇಕು" ಎಂದು ಪರಿಚಿತ ಕಲಾವಿದರೊಬ್ಬರು ಸಲಹೆ ಕೊಟ್ಟರು. ನನ್ನಲ್ಲಿದ್ದ ದೊಡ್ಡ ತೈಲಚಿತ್ರ ಒಂದೇ. ಅವ್ವ 1993ರಲ್ಲಿ ತೀರಿಕೊಂಡಳು. ಅದಕ್ಕೆ ಎರಡು ವರ್ಷ ಮೊದಲು, ಅವಳು ಸಂತೆಯಲ್ಲಿ ಕುಳಿತಿದ್ದಾಗ ಅವಳಿಗೆ ತಿಳಿಯದಂತೆ ನಾಲ್ಕು ಪೆನ್ಸಿಲ್ ಚಿತ್ರಗಳನ್ನು ಬರೆದುಕೊಂಡಿದ್ದೆ. ಅವುಗಳ ಆಧಾರದಿಂದ 1994ರ ಬೇಸಿಗೆ ರಜೆಯಲ್ಲಿ ಆ ದೊಡ್ಡ ಚಿತ್ರವನ್ನು ಮಾಡಿದ್ದೆ. ಗೋಣಿತಾಟು, ತಕ್ಕಡಿ, ಮಡಿಲಲ್ಲಿ ಮೆಣಸಿನಕಾಯಿ, ಬಿಸಿಲಿಗೆ ಕಿರಿದಾದ ಕಣ್ಣುಗಳು.

ಮಾರುವ ಉದ್ದೇಶ ನನಗಿರಲಿಲ್ಲ. ‘ಮಾರಾಟಕ್ಕಿಲ್ಲ’ ಎಂದು ಬರೆಯಹೊರಟಾಗ ಅದೇ ಕಲಾವಿದರು ತಡೆದು, "ಸಂತೆಗೆ ತಂದು ಮಾರುವುದಿಲ್ಲ ಎಂದರೆ ಗಿರಾಕಿಗೆ ಅವಮಾನವಾಗುತ್ತದೆ. ಯಾರೂ ಕೊಡಲಾರದ ಬೆಲೆ ಹಾಕಿಬಿಡಿ" ಎಂದರು. 40,000 ಎಂದು ಬರೆದೆ. ಚಿತ್ರದ ಕೆಳಗೆ ‘ಅವ್ವ’ ಎಂಬ ಚೀಟಿ ಅಂಟಿಸಿದ್ದೆ. ಬೆಳಿಗ್ಗೆ ಬಂದವರು ಆ ಚೀಟಿ ಓದಿ, ಯಾರದೋ ಮನೆಯೊಳಗೆ ಅಚಾನಕ್ಕಾಗಿ ಹೊಕ್ಕವರಂತೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. "ಸರ್, ಇದು ನಿಮ್ಮ ಸ್ವಂತದ್ದು ಎಂದು ಜನ ದೂರ ನಿಲ್ಲುತ್ತಿದ್ದಾರೆ" ಎಂದ ನನ್ನ ವಿದ್ಯಾರ್ಥಿ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನೇ ನನ್ನ ಕೈಯಿಂದ ಆ ಚೀಟಿಯನ್ನು ಕಿತ್ತು ‘ಸಂತೆಯ ಅಜ್ಜಿ’ ಎಂದು ಬರೆದು ಅಂಟಿಸಿದೆ. ಜನ ಹತ್ತಿರ ಬಂದರು. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ಮಧ್ಯಾಹ್ನ ಐವತ್ತರ ಪ್ರಾಯದ ಸಭ್ಯ ಗೃಹಸ್ಥರೊಬ್ಬರು ಬಂದರು. ಹಳ್ಳಿಯ ಊಟದ ಹೋಟೆಲೊಂದನ್ನು ತೆರೆಯುತ್ತಿದ್ದರಂತೆ. ಬೆಲೆಯನ್ನು ಓದಿದರು, ಚೌಕಾಸಿ ಮಾಡಲಿಲ್ಲ. 5,000 ಮುಂಗಡ ಕೈಗಿಟ್ಟು, "ಉಳಿದದ್ದನ್ನು ಒಂದು ಗಂಟೆಯಲ್ಲಿ ತರುತ್ತೇನೆ" ಎಂದು ಹೋದರು, ಹಾಗೆಯೇ ತಂದರು. ಆ ಒಂದು ಗಂಟೆ ನನ್ನ ಕೈಯಲ್ಲಿತ್ತು. ‘ಕೊಡಲಾರೆ, ಇವಳು ನನ್ನ ತಾಯಿ’ ಎಂದಿದ್ದರೆ ಆ ಮನುಷ್ಯ ಖಂಡಿತ ಕೈಮುಗಿದು ಹೋಗುತ್ತಿದ್ದರು. ಒಪ್ಪಿದ ಬೆಲೆಗೆ ಮಾತು ತಿರುಗಿಸಬಾರದೆಂಬ ಅವ್ವನ ನಿಯಮವನ್ನು ನನಗೆ ನಾನೇ ಹೇಳಿಕೊಂಡೆ. ಅದು ನೆಪವಾಗಿತ್ತು ಎಂದು ಇಂದು ಒಪ್ಪಿಕೊಳ್ಳುತ್ತೇನೆ. ನಿಜ ಸಂಗತಿಯೆಂದರೆ, ಜೀವಮಾನವಿಡೀ ‘ಡ್ರಾಯಿಂಗ್ ಮೇಷ್ಟ್ರು’ ಎಂದು ಶಾಲೆಯ ಕೊನೆಯ ಪೀರಿಯಡ್ಡಿನಲ್ಲಿ ಉಳಿದವನ ಚಿತ್ರಕ್ಕೆ ಬೆಂಗಳೂರಿನಲ್ಲಿ ನಲವತ್ತು ಸಾವಿರ ಬೆಲೆ ಬಂದಿತ್ತು. ಅದು ನನ್ನ ತಲೆಗೇರಿತ್ತು.

ಊರಿಗೆ ಬಂದು ಅರ್ಧ ಹಣವನ್ನು ತಂಗಿಗೆ ಕೊಡಲು ಹೋದೆ. ಅವಳು ಲಕೋಟೆಯನ್ನು ಮುಟ್ಟಲಿಲ್ಲ. "ಅಣ್ಣಾ, ಅವ್ವ ಮೆಣಸಿನಕಾಯಿ ಮಾರಿ ನಿನ್ನನ್ನ ಓದಿಸಿದಳು. ನೀನು ಅವಳನ್ನೇ ಮಾರಿ ಬಂದ್ಯಾ?" ಎಂದಳು. ಇಷ್ಟೇ ಅವಳು ಅಂದದ್ದು. ಮುಂದೆಂದೂ ಆ ಮಾತೆತ್ತಲಿಲ್ಲ.

ಎರಡು ವರ್ಷಗಳ ನಂತರ ಬೆಂಗಳೂರಿಗೆ ಹೋದಾಗ ಆ ಹೋಟೆಲನ್ನು ಹುಡುಕಿಕೊಂಡು ಹೋದೆ. ಅವ್ವ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲಿದ್ದಳು. ಅವರು ಅನಾದರವನ್ನೇನೂ ಮಾಡಿರಲಿಲ್ಲ. ಒಳ್ಳೆಯ ಚೌಕಟ್ಟು ಹಾಕಿಸಿದ್ದರು. ಪಕ್ಕದಲ್ಲಿ ಅಲಂಕಾರಕ್ಕೆಂದು ಹಳೆಯ ತಕ್ಕಡಿ, ಪ್ಲಾಸ್ಟಿಕ್ಕಿನ ಮೆಣಸಿನಕಾಯಿ ಸರ. ಕೆಳಗೆ ಹಿತ್ತಾಳೆಯ ಫಲಕದಲ್ಲಿ ನಾನೇ ಕೊಟ್ಟಿದ್ದ ಹೆಸರು: ‘ಸಂತೆಯ ಅಜ್ಜಿ’. ಮುದ್ದೆ ಬಡಿಸಲು ಬಂದ ಹುಡುಗನನ್ನು "ಅದು ಯಾರ ಚಿತ್ರ?" ಎಂದು ಕೇಳಿದೆ. "ಯಾರೋ ಹಳ್ಳಿ ಅಜ್ಜಿ ಸಾರ್" ಎಂದ. ನಾನು ತಲೆ ತಗ್ಗಿಸಿ ಉಂಡು, ಹಣ ಕೊಟ್ಟು ಹೊರಬಂದೆ.

ಹದಿಮೂರು ವರ್ಷದ ಹುಡುಗನಾಗಿದ್ದಾಗ ಸಹಪಾಠಿಗಳೊಡನೆ ಸಂತೆಯ ಬೀದಿಯಲ್ಲಿ ಹೋಗುತ್ತಿದ್ದೆ. ಅವ್ವ ಗೋಣಿತಾಟಿನ ಮೇಲಿಂದ ನನ್ನ ಹೆಸರು ಹಿಡಿದು ಕರೆದಳು. ಜೊತೆಯಲ್ಲಿದ್ದವನು "ಯಾರೋ ಅದು?" ಎಂದ. "ಯಾರೋ" ಎಂದು ಹೇಳಿ ತಿರುಗಿ ನೋಡದೆ ನಡೆದುಬಿಟ್ಟೆ. ಅಂದು ರಾತ್ರಿ ಅವ್ವ ಅದರ ಬಗ್ಗೆ ಏನನ್ನೂ ಕೇಳಲಿಲ್ಲ, ಎಂದಿನಂತೆ ಬಡಿಸಿದಳು. ಹೋಟೆಲಿನಿಂದ ಬಸ್ ನಿಲ್ದಾಣಕ್ಕೆ ನಡೆಯುವಾಗ ನನಗೆ ನೆನಪಾದದ್ದು ಆ ರಾತ್ರಿಯ ಊಟ.

ಮಹಾಮಾರಿಯ ಕಾಲದಲ್ಲಿ ಆ ಹೋಟೆಲು ಮುಚ್ಚಿತು. 2022ರಲ್ಲಿ ನನ್ನ ವಿದ್ಯಾರ್ಥಿ ಹೋಗಿ ನೋಡಿದಾಗ ಅಲ್ಲಿ ಮೊಬೈಲ್ ಅಂಗಡಿಯಿತ್ತು. ಸಾಮಾನುಗಳೆಲ್ಲ ಯಾರ ಪಾಲಾದವೆಂದು ಹೇಳುವವರು ಸಿಗಲಿಲ್ಲ. ಅವ್ವನ ಚಿತ್ರ ಎಲ್ಲಿದೆಯೋ ತಿಳಿಯದು. ಅದರ ಹಿಂಬದಿಯಲ್ಲಿಯೂ ನಾನು ಅವಳ ಹೆಸರನ್ನು ಬರೆದಿರಲಿಲ್ಲ.

ಇನ್ನು, ಸಂತೆಗೆ ಹೋಗಬೇಕೆಂದಿರುವ ವಿದ್ಯಾರ್ಥಿಗಳಿಗೆ ನನ್ನ ಮಾತು. ಧೈರ್ಯವಾಗಿ ಹೋಗಿ. ಕಲೆಯನ್ನು ಮಾರುವುದು ನಾಚಿಕೆಯ ಕೆಲಸವಲ್ಲ. ಮೆಣಸಿನಕಾಯಿ ಮಾರುವುದೂ ಅಲ್ಲ. ಸ್ಥಳದಲ್ಲೇ ಕುಳಿತು ಬರೆಯಿರಿ, ಬೆಲೆಯನ್ನು ಕಾಣುವಂತೆ ಹಾಕಿ. ಈಗ ಫೋನಿನಿಂದಲೇ ಹಣ ಪಾವತಿಯಾಗುವುದರಿಂದ ಚಿಲ್ಲರೆಯ ತಾಪತ್ರಯವೂ ಇಲ್ಲ. ಫೋಟೋ ನೋಡಿ ಬರೆಯುವ ಕೆಲಸಕ್ಕೆ ಅರ್ಧ ಹಣ ಮೊದಲೇ ಪಡೆಯಿರಿ. ಮಾರುವ ಪ್ರತಿಯೊಂದು ಚಿತ್ರದ ಫೋಟೋ ಇಟ್ಟುಕೊಳ್ಳಿ, ಕೊಂಡವರ ವಿಳಾಸ ಬರೆದಿಟ್ಟುಕೊಳ್ಳಿ. ಹಳ್ಳಿಯವರದೋ ಕೂಲಿಯವರದೋ ಮುಖವನ್ನು ಬರೆದರೆ ಅವರ ಅನುಮತಿ ಕೇಳಿ, ಹೆಸರು ಕೇಳಿ, ಆ ಹೆಸರನ್ನು ಚಿತ್ರದ ಮೇಲೆ ಬರೆಯಿರಿ. ಹೆಸರಿದ್ದರೆ ಮಾರಾಟ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವವೇ. ಆದರೂ ಬರೆಯಿರಿ. ಮಾರಲು ಮನಸ್ಸಿಲ್ಲದ ಚಿತ್ರವನ್ನು ಮನೆಯಲ್ಲೇ ಬಿಟ್ಟು ಹೋಗಿ. ಯಾರೂ ಕೊಡಲಾರದ ಬೆಲೆ ಎಂಬುದೊಂದು ಸಂತೆಯಲ್ಲಿ ಇಲ್ಲ.

1991ರ ಆ ನಾಲ್ಕು ಪೆನ್ಸಿಲ್ ಚಿತ್ರಗಳು ಹಳೆಯ ಪಾಠ ಟಿಪ್ಪಣಿ ಪುಸ್ತಕದೊಳಗೆ ಇನ್ನೂ ಉಳಿದಿವೆ. ನಾಮಕರಣದಿಂದ ಬಂದ ಮರುದಿನವೇ ಅವನ್ನು ಮುಂದಿಟ್ಟುಕೊಂಡು ಕುಳಿತಿದ್ದೇನೆ. ಕೈ ಈಗ ನಡುಗುತ್ತದೆ. ಗಲ್ಲದ ಗೆರೆ ಮೂರು ಸಲ ತಪ್ಪಿತು. ಮೊದಲಿನಷ್ಟು ಚೆನ್ನಾಗಿ ಬರಲಾರದು. ತಂಗಿಗೆ ಫೋನು ಮಾಡಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವನ ಎಡಗೆನ್ನೆ ಮೇಲೆ ಒಂದು ಮಚ್ಚೆ ಇತ್ತು, ಆ ದೊಡ್ಡ ಚಿತ್ರದಲ್ಲಿ ನೀನದನ್ನ ಬಿಟ್ಟಿದ್ದೆ" ಎಂದಳು.

ಮಚ್ಚೆಯನ್ನು ಇಟ್ಟಿದ್ದೇನೆ. ಹಾಳೆಯ ಕೆಳಗೆ ಅವಳ ಹೆಸರನ್ನು ಎಲ್ಲಕ್ಕಿಂತ ಮೊದಲೇ ದುಂಡಕ್ಷರದಲ್ಲಿ ಬರೆದಿಟ್ಟಿದ್ದೇನೆ. ಮುಖ ಇನ್ನೂ ಮುಗಿಯಬೇಕಾಗಿದೆ.

ನಿಮ್ಮ,
ಡ್ರಾಯಿಂಗ್ ಮೇಷ್ಟ್ರು